‘ಸ್ಪೈನಲ್ ಟ್ಯಾಪ್’ ಹೋಗಿ ‘ಸ್ಪೈನಲ್ ನಲ್ಲಿ’ ಬಂದಿದೆ, ಸರಿಪಡಿಸುವುದು ಹೇಗೆ?

ಹೊಸ ಸಂಪಾದಕ:
ನಮ್ಮ ಚಿತ್ರ ಸಮಾಜದ ಮಾಸಪತ್ರಿಕೆಗೆ ರಾಬ್ ರೈನರ್ ನಿರ್ದೇಶಿಸಿದ ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ಬಗ್ಗೆ ಒಂದು ಪುಟ ಬೇಕಾಗಿತ್ತು. ಬೇರೊಬ್ಬರು ಬರೆದ ಲೇಖನವನ್ನು ಸಮಾನಾರ್ಥಕ ಪದ ಹಾಕಿಕೊಡುವ ತಂತ್ರಾಂಶಕ್ಕೆ ಕೊಟ್ಟೆ.

ಮೂಲ: “1984ರಲ್ಲಿ ಬಿಡುಗಡೆಯಾದ ಈ ಅಣಕು ಸಾಕ್ಷ್ಯಚಿತ್ರ, ಇಲ್ಲದ ಬ್ರಿಟಿಷ್ ರಾಕ್ ತಂಡವನ್ನು ಹಿಂಬಾಲಿಸುತ್ತದೆ.”

ಬಂದದ್ದು: “1984ರಲ್ಲಿ ವಿಮೋಚನೆಯಾದ ಈ ಗೇಲಿ ಪುರಾವೆಪಟ, ಇಲ್ಲದ ಬ್ರಿಟಿಷ್ ಬಂಡೆ ಗುಂಪುವನ್ನು ಬೆನ್ನಟ್ಟುತ್ತದೆ.”

ಆ ತಂಡದ ಹೆಸರೇ ಸ್ಪೈನಲ್ ಟ್ಯಾಪ್, ಅದರ ಡ್ರಮ್ ವಾದಕರು ಒಬ್ಬರಾದ ಮೇಲೊಬ್ಬರು ಸಾಯುತ್ತಾರೆ. ಈಗ ಸತ್ತವರೆಲ್ಲ ‘ಸ್ಪೈನಲ್ ನಲ್ಲಿನಲ್ಲಿ’ ಲಿಂಗೈಕ್ಯರಾಗಿದ್ದಾರೆ. ನಾಳಿದ್ದು ಪುಟ ಮುದ್ರಣಕ್ಕೆ ಹೋಗಬೇಕು. ಯಾವ ಸೆಟ್ಟಿಂಗ್ ಬದಲಿಸಲಿ?

ಪದಬಂಧ:
ಮೊದಲು ಹೆಸರುಗಳ ಪಟ್ಟಿ ಮಾಡಿ, ಅವನ್ನು ಮುಟ್ಟದಂತೆ ಬೀಗ ಹಾಕಿ. ಇಂಗ್ಲಿಷಿನಲ್ಲಿ ದೊಡ್ಡಕ್ಷರ ನೋಡಿ ಹೆಸರು ಗುರುತಿಸಬಹುದು, ನಮ್ಮ ಲಿಪಿಯಲ್ಲಿ ಆ ಸುಳಿವಿಲ್ಲ. ಹಾಗಾಗಿಯೇ ಟ್ಯಾಪ್ ಹೋಗಿ ನೀರಿನ ನಲ್ಲಿ ಬಂದಿದೆ.

‘ಗುಂಪುವನ್ನು’ ಬೇರೆಯ ರೋಗ. ತಂಡ ಎಂಬಲ್ಲಿ ವಕಾರ ಬಂದು ‘ತಂಡವನ್ನು’ ಆಗುತ್ತದೆ, ಗುಂಪು ಎಂಬಲ್ಲಿ ಉಕಾರ ಬಿದ್ದು ‘ಗುಂಪನ್ನು’ ಆಗುತ್ತದೆ. ತಂತ್ರಾಂಶ ಬುಡವನ್ನು ಮಾತ್ರ ಕಿತ್ತು ಹಳೆಯ ಬಾಲಕ್ಕೆ ಅಂಟಿಸಿದೆ. ಪ್ರತ್ಯಯದ ಸಮೇತ ಇಡೀ ಪದ ಬದಲಿಸುವ ಆಯ್ಕೆಯಿದ್ದರೆ ಹಾಕಿ. ಇಲ್ಲದಿದ್ದರೆ ಕೈಯಿಂದಲೇ ತಿದ್ದಬೇಕು.

ಹಳೆಯ ರೀಲು:
ಸಂಪಾದಕರೇ, ಸಂಧಿ ಸರಿಯಾದರೂ ಲೇಖನ ಉಳಿಯುವುದಿಲ್ಲ. ‘ಹನ್ನೊಂದು’ ಏನಾಗಿದೆ, ನೋಡಿದಿರಾ?

ಹೊಸ ಸಂಪಾದಕ:
ಎರಡನೆಯ ಸಲ ಬಂದದ್ದು “ಏಕಾದಶದವರೆಗೆ ಗಮಿಸುತ್ತದೆ” ಎಂದಾಗಿದೆ.

ಹಳೆಯ ರೀಲು:
ಅಲ್ಲಿಗೆ ಮುಗಿಯಿತು. ಆ ದೃಶ್ಯದಲ್ಲಿ ಗಿಟಾರ್ ವಾದಕ ನೈಜೆಲ್ ತನ್ನ ಆಂಪ್ಲಿಫೈಯರ್ ತೋರಿಸುತ್ತಾನೆ. ಬೇರೆಯವರ ತಿರುಗುಗುಂಡಿಗಳು ಹತ್ತಕ್ಕೆ ನಿಂತರೆ ಇವನದು ಹನ್ನೊಂದರವರೆಗೆ. ಹತ್ತರಲ್ಲೇ ಸದ್ದು ಜಾಸ್ತಿ ಮಾಡಿದರೆ ಆಗದೇ ಎಂದು ಸಂದರ್ಶಕ ಕೇಳುತ್ತಾನೆ. ನೈಜೆಲ್ ಕ್ಷಣ ಹೊತ್ತು ಪಿಳಿಪಿಳಿ ನೋಡಿ, ಇದು ಹನ್ನೊಂದರವರೆಗೆ ಹೋಗುತ್ತದೆ ಎಂದು ಅದೇ ಮಾತನ್ನು ಮತ್ತೆ ಹೇಳುತ್ತಾನೆ. ಅವನ ಬಳಿ ಬೇರೆ ಮಾತೇ ಇಲ್ಲ, ನಗು ಬರುವುದೇ ಅದಕ್ಕೆ. ನೀವು ಅವನಿಗೆ ಸಂಸ್ಕೃತ ಕಲಿಸಿದ್ದೀರಿ.

ಸ್ಟೋನ್‌ಹೆಂಜ್ (ಇಂಗ್ಲೆಂಡಿನ ಪುರಾತನ ಬೃಹತ್ ಕಲ್ಲುಗಳ ವೃತ್ತ) ಪ್ರಸಂಗವನ್ನೂ ಪರೀಕ್ಷಿಸಿ. ರಂಗದ ಮೇಲೆ 18 ಅಡಿಯ ಕಲ್ಲು ಬೇಕೆಂದು ನೈಜೆಲ್ ಪೇಪರ್ ನ್ಯಾಪ್‌ಕಿನ್ ಮೇಲೆ ಚಿತ್ರ ಬರೆದುಕೊಡುತ್ತಾನೆ. ಆದರೆ ಅಂಕಿಯ ಪಕ್ಕ ಅಡಿಯ ಒಂಟಿಗೆರೆಯ (′) ಬದಲು ಅಂಗುಲದ ಜೋಡಿಗೆರೆ (″) ಹಾಕಿರುತ್ತಾನೆ. ಕಲ್ಲು 18 ಅಂಗುಲದ್ದೇ ಇಳಿದುಬರುತ್ತದೆ, ಅದರ ಸುತ್ತ ಕುಣಿಯುವ ಕುಳ್ಳರೇ ಅದಕ್ಕಿಂತ ಎತ್ತರ. ಒಂದು ಗುರುತು ಬದಲಾಗಿದ್ದಕ್ಕೆ ಇಷ್ಟು ಅವಾಂತರ, ನೀವೋ ಇಡೀ ಪುಟದ ಪದಗಳನ್ನೇ ಬದಲಿಸಲು ಹೊರಟಿದ್ದೀರಿ.

ಇನ್ನೊಂದು ಮಾತು, ಬೇಸರ ಬೇಡ. ಬೇರೊಬ್ಬರ ವಾಕ್ಯಕ್ಕೆ ಬೇರೆ ಅಂಗಿ ತೊಡಿಸಿದರೂ ಅದು ಅವರದೇ. ಚಿತ್ರ ಒಂದೂವರೆ ಗಂಟೆಯೂ ಇಲ್ಲ. ಇಂದು ರಾತ್ರಿ ನೋಡಿ, ಆ ಲೇಖನ ಮುಚ್ಚಿಟ್ಟು ಬರೆಯಿರಿ.

ಹೊಸ ಸಂಪಾದಕ:
ನೋಡಿದೆ. ಸಂದರ್ಶಕ ಮಾರ್ಟಿಯ ಪಾತ್ರದಲ್ಲಿ ರೈನರ್ ಅವರೇ ಇದ್ದಾರೆಂಬುದು ಆ ಲೇಖನದಲ್ಲಿ ಇರಲೇ ಇಲ್ಲ! ಆರಂಭ ಹೀಗೆ: “ಮಾರ್ಟಿ ಒಮ್ಮೆಯೂ ನಗುವುದಿಲ್ಲ. ಡ್ರಮ್ ವಾದಕನೊಬ್ಬ ತೋಟಗಾರಿಕೆ ಅಪಘಾತದಲ್ಲಿ ಸತ್ತನೆಂದು ಕೇಳಿದಾಗಲೂ ಇಲ್ಲ.” ‘ಸತ್ತ’ ಒರಟಾಯಿತೇ? ‘ತೀರಿಕೊಂಡ’ ಎನ್ನಲೇ?

ಹಳೆಯ ರೀಲು:
‘ಸತ್ತ’ ಇರಲಿ. ‘ಒಮ್ಮೆಯೂ’ ಎಂಬುದನ್ನು ಮಾತ್ರ ಇನ್ನೊಮ್ಮೆ ಚಿತ್ರ ನೋಡಿ ಖಚಿತಪಡಿಸಿಕೊಳ್ಳಿ.