ಅಪ್‌ಡೇಟ್: ನನ್ನ ದುಂಡು ಮಲ್ಲಿಗೆ ಕೊನೆಗೂ ಮೊಗ್ಗು ಬಿಟ್ಟಿದೆ

ಕುಂಡದಲ್ಲಿರುವ ದುಂಡು ಮಲ್ಲಿಗೆಯಲ್ಲಿ ಬರೀ ಎಲೆ, ಹೂವು ಒಂದೂ ಇಲ್ಲ, ಏನು ಮಾಡಲಿ ಅಂತ ಎರಡು ತಿಂಗಳ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಈಗ ಗಿಡದ ತುಂಬಾ ಮೊಗ್ಗು!

ದೊಡ್ಡ ತಪ್ಪು ಜಾಗದ್ದೇ. ಗೋಡೆಯ ಪಕ್ಕ ಬೆಳಗ್ಗೆ ಎರಡು ಗಂಟೆ ಬಿಸಿಲು ಸಿಗುತ್ತಿತ್ತು, ಅಷ್ಟೇ. ಅದು ಸಾಕು ಅಂದುಕೊಂಡಿದ್ದೆ. ಈಗ ದಿನಕ್ಕೆ ಸುಮಾರು 6 ಗಂಟೆ ನೇರ ಬಿಸಿಲು ಬೀಳುವ ಕಡೆ ಇಟ್ಟಿದ್ದೇನೆ. ಯೂರಿಯಾ ಹಾಕುವುದನ್ನೂ ನಿಲ್ಲಿಸಿದೆ. ಸಾರಜನಕ ಜಾಸ್ತಿಯಾದರೆ ಗಿಡ ಬರೀ ಎಲೆ ಬೆಳೆಸುತ್ತದೆ ಅಂತ ನೀವು ಹೇಳಿದ್ದು ನಿಜ.

ಕೊಂಬೆ ಕತ್ತರಿಸಲು ಮಾತ್ರ ಮನಸ್ಸೇ ಬರಲಿಲ್ಲ. ಮೂರು ದಿನ ಕತ್ತರಿ ಹಿಡಿದು ಸುಮ್ನೆ ನೋಡುತ್ತಾ ನಿಂತಿದ್ದೆ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ ಅಂತ ಒಬ್ಬರು ಬಿಡಿಸಿ ಹೇಳಿದ ಮೇಲೆ ಧೈರ್ಯ ಬಂತು. ಉದ್ದ ಕೊಂಬೆಗಳನ್ನೆಲ್ಲ ಅರ್ಧಕ್ಕೆ ಕತ್ತರಿಸಿದೆ. ಎರಡು ವಾರಕ್ಕೆ ಚಿಗುರು. ಆಮೇಲೆ ತುದಿ ತುದಿಯಲ್ಲೂ ಮೂರು ಮೂರು ಮೊಗ್ಗು. ನೋಡಿ ಕಣ್ಣು ತುಂಬಿ ಬಂತು.

ನೀರು ಈಗ ಮೇಲ್ಮಣ್ಣು ಒಣಗಿದ ಮೇಲಷ್ಟೇ.

ಇನ್ನೊಂದು ಪ್ರಶ್ನೆ. ಕೆಲವು ಎಳೆ ಎಲೆಗಳು ಹಳದಿಯಾಗಿವೆ, ನರ ಮಾತ್ರ ಹಸಿರು. ಇದು ಕಬ್ಬಿಣದ ಕೊರತೆ ಅಲ್ವಾ?