ಮಾಂಸ ತಿನ್ನೋರಿಗೆ ಮಾತ್ರ ಪ್ರಾಣಿಗಳ ವೈರಸ್ ಬರುತ್ತಾ?

ಚಳ್ಳಕೆರೆ ಹುಡುಗ:
ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಒಂದೇ ಹಾಡು. ನಿಫಾ, ಹಕ್ಕಿ ಜ್ವರ, ಸಾರ್ಸ್ ಎಲ್ಲ ಮಾಂಸ ತಿನ್ನೋರು ತಂದಿದ್ದು, ಸೊಪ್ಪು ಸದೆ ತಿಂದುಕೊಂಡಿದ್ದರೆ ಏನೂ ಬರಲ್ಲ ಅಂತ. ಆದರೆ ನಮ್ಮ ಮಾವ ಮಾಂಸ ಮುಟ್ಟಲ್ಲ, ಕುರಿ ಸಾಕಿದ್ದಾರೆ ಅಷ್ಟೆ. ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಾರೆ. ಈಗ ಅವರ ಹೆಬ್ಬೆರಳ ಮೇಲೆ ಗುಳ್ಳೆ ಎದ್ದಿದೆ, ನಡುವೆ ಕೆಂಪು, ಸುತ್ತ ಬಿಳಿ ಉಂಗುರ. ರೊಪ್ಪದಲ್ಲಿ ಒಂದೆರಡು ಮರಿಗಳ ತುಟಿಯಲ್ಲೂ ಹಕ್ಕಳೆ ಕಟ್ಟಿದೆ. ಇದು ಅದರಿಂದಲೇ ಬಂದಿದ್ದಾ?

ಹಿರಿಯೂರು ಪಶುವೈದ್ಯ:
ನೀವು ಹೇಳೋದು ಕೇಳಿದರೆ ಆರ್ಫ್ ಥರ ಇದೆ, ಕುರಿ ಮೇಕೆಗಳ ಬಾಯಿ ಹುಣ್ಣು. ಅದೂ ವೈರಸ್ಸೇ. ಮರಿಯ ಬಾಯಿ ಮುಟ್ಟಿದ ಬೆರಳಲ್ಲಿ ಸಣ್ಣ ಗೀರಿದ್ದರೆ ಸಾಕು, ಒಳಗೆ ಹೋಗುತ್ತೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಒಣಗುತ್ತೆ, ಆದರೂ ಡಾಕ್ಟರಿಗೆ ತೋರಿಸಿ, ಕುರಿ ಸಾಕಿದ್ದೀವಿ ಅಂತ ಮರೆಯದೆ ಹೇಳಿ. ಕುಯ್ಯೋದು, ಚಿವುಟೋದು ಬೇಡ. ಹುಣ್ಣಿರುವ ಮರಿಗಳನ್ನು ಬೇರೆ ಕಟ್ಟಿ, ಗ್ಲೌಸ್ ಹಾಕಿಕೊಂಡು ಹಾಲು ಕುಡಿಸಿ. ಹಾಗಂತ ಪ್ರಾಣಿಗಳ ಎಲ್ಲ ರೋಗವೂ ನಮಗೆ ಅಂಟಲ್ಲ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗ ಜನ ಸುಮ್ನೆ ಹಾಲಿಗೆ ಹೆದರಿದರು, ಅದು ಮನುಷ್ಯರಿಗೆ ಬರೋದೇ ಇಲ್ಲ.

ಹೊನ್ನಾಳಿ ಅಕ್ಕ:
ಮಂಗನ ಕಾಯಿಲೆ ಯಾಕೆ ಮರೆತಿರಿ? 1957ರಲ್ಲಿ ಮೊದಲು ಸಿಕ್ಕಿದ್ದು ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ. ಮಂಗ ತಿಂದು ಯಾರಿಗೂ ಬರಲಿಲ್ಲ, ಹರಡೋದು ಉಣುಗು. ಸತ್ತ ಮಂಗದ ಮೈಯಿಂದ ಉಣುಗು ಉದುರುತ್ತೆ, ಸೌದೆಗೋ ತರಗೆಲೆಗೋ ದನ ಮೇಯಿಸೋಕೋ ಹೋದವರಿಗೆ ಹತ್ತುತ್ತೆ. ಕಾಡು ಕಡಿದು ಅಂಚಿನಲ್ಲೇ ಮನೆ, ಗದ್ದೆ, ಕೊಟ್ಟಿಗೆ ಮಾಡಿಕೊಂಡರೆ ಇನ್ನೇನಾಗುತ್ತೆ ಹೇಳಿ.

ಬೆಣ್ಣೆದೋಸೆ ಭಕ್ತ:
ಅಕ್ಕಾ, ಹಾಗಾದರೆ ಮಾಂಸಕ್ಕೆ ಸಂಬಂಧವೇ ಇಲ್ಲ ಅಂತೀರಾ? ಸಾರ್ಸ್ ಬಂದಿದ್ದು ಚೀನಾದಲ್ಲಿ ಪುನುಗು ಬೆಕ್ಕು ಮಾರೋ ಸಂತೆಯಿಂದ ಅಲ್ವಾ?

ಹಿರಿಯೂರು ಪಶುವೈದ್ಯ:
ಸಂಬಂಧ ಇದೆ, ಆದರೆ ತಟ್ಟೆಯಲ್ಲಿ ಅಲ್ಲ. 2002-03ರಲ್ಲಿ ಮೊದಮೊದಲು ಸಾರ್ಸ್ ತಗುಲಿದವರಲ್ಲಿ ಪ್ರಾಣಿ ಮಾರುವವರು, ಹೋಟೆಲ್ ಅಡುಗೆಯವರು ಇದ್ದರು. ಜೀವಂತ ಪ್ರಾಣಿಯನ್ನು ಹಿಡಿಯೋದು, ಕುಯ್ಯೋದು, ಬೇರೆ ಬೇರೆ ಜಾತಿಯವನ್ನು ಒಂದೇ ಕಡೆ ಪಂಜರದಲ್ಲಿ ತುಂಬೋದು, ಅಪಾಯ ಅಲ್ಲಿದೆ. ಚೆನ್ನಾಗಿ ಬೆಂದ ಸಾರಿನಲ್ಲಿ ವೈರಸ್ ಬದುಕಲ್ಲ. ಮಲೇಷ್ಯಾದ್ದು ಇನ್ನೂ ವಿಚಿತ್ರ. 1998-99ರಲ್ಲಿ ಹಂದಿ ದೊಡ್ಡಿಗಳ ಪಕ್ಕದಲ್ಲೇ ಮಾವಿನ ತೋಟ, ರಾತ್ರಿ ಬಾವಲಿಗಳು ಅರ್ಧ ತಿಂದು ಬೀಳಿಸಿದ ಹಣ್ಣು ಹಂದಿಗೆ, ಹಂದಿಯಿಂದ ನಿಫಾ ಕೆಲಸದವರಿಗೆ. ನೂರಕ್ಕೂ ಜಾಸ್ತಿ ಜನ ಸತ್ತರು.

ಜಗಳೂರು ಮೇಷ್ಟ್ರು:
ಬಾಂಗ್ಲಾದೇಶದ್ದು ಪೂರ್ತಿ ಸಸ್ಯಾಹಾರಿ ಕಥೆ ನೋಡಿ! ಅಲ್ಲಿ ಚಳಿಗಾಲದಲ್ಲಿ ಈಚಲು ಮರದ ರಸ ಇಳಿಸುತ್ತಾರೆ. ರಾತ್ರಿ ಬಾವಲಿ ಬಂದು ನೆಕ್ಕಿ, ಅಲ್ಲೇ ಉಚ್ಚೆ ಹೊಯ್ದು ಹೋಗುತ್ತೆ, ಬೆಳಿಗ್ಗೆ ಜನ ಆ ಹಸಿ ರಸ ಕುಡಿದು ನಿಫಾ ಹತ್ತಿಸಿಕೊಳ್ಳುತ್ತಾರೆ. ಇದನ್ನು ನಿಮ್ಮ ಗ್ರೂಪಿಗೆ ಹಾಕಿ.

ಚಳ್ಳಕೆರೆ ಹುಡುಗ:
ಹಾಕಿದೆ, ದೊಡ್ಡಪ್ಪ ಗ್ರೂಪ್ ಬಿಟ್ಟರು 😄 ಮಾವನಿಗೆ ಗ್ಲೌಸ್ ತಂದುಕೊಟ್ಟೆ. ಅದರ ವಾಸನೆಗೆ ಮರಿಗಳು ಬಾಟಲಿ ಹತ್ತಿರವೇ ಬರ್ತಿಲ್ಲವಂತೆ, ಏನು ಮಾಡೋದು ಸರ್?

ಹಿರಿಯೂರು ಪಶುವೈದ್ಯ:
ತೊಳೆದು ಬಿಸಿಲಿಗೆ ಹಾಕಿ. ಹಸಿವಾದರೆ ಬರ್ತವೆ.