ಫ್ರಿಡ್ಜ್ ಬಾಗಿಲಿನ ನೀರಿನ ಲಿವರ್ ಸಿಕ್ಕಿಕೊಂಡಿದೆ, ನೀವೆಲ್ಲ ಏನು ಮಾಡಿದಿರಿ?

ವಿದ್ಯಾರಣ್ಯಪುರದಿಂದ ಪ್ರಶ್ನೆ:
ನಮ್ಮದು ಸೈಡ್ ಬೈ ಸೈಡ್ ಫ್ರಿಡ್ಜ್ (ಅಕ್ಕಪಕ್ಕ ಎರಡು ಬಾಗಿಲಿನದು), ತಂದು ಆರು ವರ್ಷ. ನೀರು, ಐಸ್ ಎರಡೂ ಬಾಗಿಲಲ್ಲೇ ಬರುತ್ತವೆ. ಹದಿನೈದು ದಿನದಿಂದ ಲೋಟ ಒತ್ತಿದರೆ ಲಿವರ್ ಒಳಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಲೋಟ ತೆಗೆದರೂ ನೀರು ಸುರಿಯುತ್ತಿರುತ್ತದೆ, ಬೆರಳಲ್ಲಿ ಎಳೆದರೆ ಮಾತ್ರ ನಿಲ್ಲುತ್ತದೆ. ಐಸ್ ಬಟನ್ ಕೂಡ ಸರಿಯಿಲ್ಲ. ನೋಡಲು ಬಂದ ರಿಪೇರಿಯವರು ಫ್ರಿಡ್ಜಿನ ಎಲೆಕ್ಟ್ರಾನಿಕ್ ಬೋರ್ಡ್ ಬದಲಿಸಬೇಕು ಎಂದರು. ನಿಜವೇ?

ಯಲಹಂಕದಿಂದ:
ಮೇಡಂ, ದುಡ್ಡು ಕೊಡುವ ಮುಂಚೆ ಸ್ವಲ್ಪ ತಡೆಯಿರಿ. ಬೋರ್ಡ್ ಕೆಟ್ಟರೆ ಲಿವರ್ ಯಾಕೆ ಸಿಕ್ಕಿಕೊಳ್ಳಬೇಕು? ಅದು ಪ್ಲಾಸ್ಟಿಕ್ ತುಂಡು, ಹಿಂದೆ ಒಂದು ಸ್ಪ್ರಿಂಗ್, ಅಷ್ಟೇ. ಬೆರಳಲ್ಲಿ ಎಳೆದರೆ ನೀರು ನಿಲ್ಲುತ್ತದೆ ಎಂದಿರಲ್ಲ, ಹಾಗಾದರೆ ಬೋರ್ಡ್ ಹೇಳಿದ ಮಾತು ಕೇಳುತ್ತಿದೆ.

ನಿಮಗೆ ಬರುವುದು ಬೋರ್‌ವೆಲ್ ನೀರೇ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ನಲ್ಲಿ, ಬಕೆಟ್, ಗೀಸರ್ ಎಲ್ಲದಕ್ಕೂ ಬಿಳಿ ಉಪ್ಪು ಕಟ್ಟುತ್ತದೆ. ಫ್ರಿಡ್ಜಿಗೂ ಅದೇ ಲೈನ್ ಕೊಟ್ಟಿದ್ದೆವು. ಒಂದೊಂದು ಹನಿಯೂ ಲಿವರ್ ಮೇಲೆ ಬಿದ್ದು ಒಣಗಿ, ಎರಡು ಬದಿಯ ಸಂದಿಯಲ್ಲಿ ಸುಣ್ಣದ ಹಾಗೆ ಗಟ್ಟಿಯಾಗಿತ್ತು. ಟಾರ್ಚ್ ಹಾಕಿ ನೋಡಿದಾಗಲೇ ಗೊತ್ತಾಗಿದ್ದು.

ನಾನು ಮಾಡಿದ್ದು ಹೀಗೆ. ಫ್ರಿಡ್ಜ್ ಹಿಂದಿನ ನೀರಿನ ನಲ್ಲಿ ಮುಚ್ಚಿ, ಪ್ಲಗ್ ಕಿತ್ತೆ. ಬೆಚ್ಚಗಿನ ನೀರಿಗೆ ಅಷ್ಟೇ ವಿನೆಗರ್ ಬೆರೆಸಿ, ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಲಿವರ್ ಸುತ್ತ 20 ನಿಮಿಷ ಇಟ್ಟೆ. ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಸಂದಿ ತಿಕ್ಕಿ, ಲಿವರನ್ನು ಇಪ್ಪತ್ತು ಮೂವತ್ತು ಸಲ ಒತ್ತಿ ಬಿಟ್ಟೆ. ಎರಡನೇ ಸಲಕ್ಕೆ ಸಡಿಲವಾಯಿತು. ಸಾದಾ ನೀರಿನ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಪ್ಲಗ್ ಹಾಕಿದೆ. ಸಂದಿಗೆ ನೀರು ಸುರಿಯಬೇಡಿ, ಒಳಗೆ ಸ್ವಿಚ್ ಇದೆ. ಚಾಕು ಹಾಕಿ ಕೆರೆಯಬೇಡಿ. ಹೊಲಿಗೆ ಮಿಷನ್ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ, ಕುಡಿಯುವ ನೀರು ಬರುವ ಜಾಗ ಅಲ್ವಾ. ಈಗ ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸುತ್ತೇನೆ, ಮತ್ತೆ ಸಿಕ್ಕಿಕೊಂಡಿಲ್ಲ.

ಜಯನಗರದಿಂದ:
ಐಸ್ ಬಟನ್ ಬಗ್ಗೆ ಹೇಳುತ್ತೇನೆ. ಪ್ಯಾನೆಲ್ ಮೇಲೆ ಬೀಗದ ಚಿತ್ರ ಉರಿಯುತ್ತಿದೆಯೇ ನೋಡಿ. ಅದು ಚೈಲ್ಡ್ ಲಾಕ್. ನಮ್ಮ ಮೊಮ್ಮಗ ಒತ್ತಿ ಹಿಡಿದು ಲಾಕ್ ಮಾಡಿಬಿಟ್ಟಿದ್ದ. ಆ ಲಾಕ್ ಬಟನ್ನನ್ನೇ ಸುಮಾರು 3 ಸೆಕೆಂಡ್ ಒತ್ತಿ ಹಿಡಿದರೆ ಬಿಡುತ್ತದೆ. ಇನ್ನೊಂದು, ಫ್ರೀಜರ್ ಬಾಗಿಲು ಕೂದಲೆಳೆಯಷ್ಟು ತೆರೆದಿದ್ದರೂ ಐಸ್ ಬರುವುದಿಲ್ಲ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಪ್ಯಾಕೆಟ್ ತುಂಬಿಸಿ ನಮಗೆ ಹಾಗೇ ಆಗಿತ್ತು.

ರಾಜಾಜಿನಗರದಿಂದ:
ಮೂವತ್ತು ವರ್ಷ ಎಲೆಕ್ಟ್ರಿಕಲ್ ರಿಪೇರಿ ಮಾಡಿದವನು ನಾನು. ಯಲಹಂಕದವರು ಹೇಳಿದ್ದು ಸರಿ. ಜೊತೆಗೆ ಕಿವಿ ಕೊಟ್ಟು ಕೇಳಿ. ಲಿವರ್ ಒತ್ತಿದಾಗ ಹಿಂದೆ ಸಣ್ಣದಾಗಿ ಟಿಕ್ ಎನ್ನಬೇಕು. ಅದು ಮೈಕ್ರೋ ಸ್ವಿಚ್. ಬಿಟ್ಟಾಗ ಮತ್ತೊಮ್ಮೆ ಟಿಕ್. ಲಿವರ್ ಸಲೀಸಾಗಿ ಆಡುತ್ತಿದ್ದೂ ಟಿಕ್ ಕೇಳದಿದ್ದರೆ ಸ್ವಿಚ್ ಹೋಗಿದೆ ಅಂತಲೇ ಅನುಮಾನ ಪಡಿ. ಹಳೇ ಪೀಸ್ ಹಿಡಿದು ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಗಳಿಗೆ ಹೋದರೆ ಅದೇ ಅಳತೆಯದು ಹುಡುಕಬಹುದು. ಬೋರ್ಡಿನ ದುಡ್ಡಿಗೆ ಹೋಲಿಸಿದರೆ ಏನೂ ಅಲ್ಲ. ಆದರೆ ಪ್ಯಾನೆಲ್ ಬಿಚ್ಚುವುದನ್ನು ಕೆಲಸ ಗೊತ್ತಿದ್ದವರಿಗೇ ಬಿಡಿ, 230 ವೋಲ್ಟ್ ಇರುವ ಯಂತ್ರ.

ಇನ್ನೊಂದು ಪರೀಕ್ಷೆ. ನೀರು ಬಿದ್ದು ನಿಲ್ಲದಿದ್ದಾಗ ಪ್ಲಗ್ ಕೀಳಿ. ಆಗಲೂ ನೀರು ಬರುತ್ತಲೇ ಇದ್ದರೆ ತಪ್ಪು ಲಿವರಿನದಲ್ಲ, ಹಿಂದಿನ ವಾಲ್ವ್ ಮುಚ್ಚುತ್ತಿಲ್ಲ. ಬಾಗಿಲನ್ನು ತೆಗೆದು ಮುಚ್ಚಿ ಮಾಡಿ, ಅದರ ಕೀಲಿನ ಒಳಗೆ ಹೋಗುವ ವೈರ್ ಮುರಿಯುವುದೂ ಉಂಟು. ಇಷ್ಟನ್ನೂ ನೋಡಿದ ಮೇಲೆ ಬೋರ್ಡಿನ ಸರದಿ.

ಹನುಮಂತನಗರದಿಂದ:
ನಮ್ಮದು ಬಾಗಿಲೊಳಗೆ ಚಿಕ್ಕ ಟ್ಯಾಂಕ್ ಇರುವ ಸಾಮಾನ್ಯ ಫ್ರಿಡ್ಜ್. ರಾಮನವಮಿಗೆ ಅದರಲ್ಲೇ ಪಾನಕ ತುಂಬಿದೆವು. ಬೆಲ್ಲ ಅಂಟಿ ವಾಲ್ವ್ ಹಿಡಿದುಕೊಂಡಿತು. ಟ್ಯಾಂಕ್, ವಾಲ್ವ್ ಎರಡನ್ನೂ ಬಿಚ್ಚಿ ಬಿಸಿನೀರಲ್ಲಿ ನೆನೆಸಿದ ಮೇಲೆ ಸರಿಹೋಯಿತು. ಅದಕ್ಕೆ ನೀರು ಬಿಟ್ಟು ಬೇರೇನೂ ಹಾಕಬೇಡಿ.

ವಿದ್ಯಾರಣ್ಯಪುರದಿಂದ ಮತ್ತೆ:
ಎಲ್ಲರಿಗೂ ತುಂಬಾ ಧನ್ಯವಾದ. ನಮ್ಮದೂ ಬೋರ್‌ವೆಲ್ಲೇ. ವಿನೆಗರ್ ಬಟ್ಟೆ ಮೂರು ಸಲ ಇಟ್ಟೆ, ಬಿಳೀ ಪುಡಿ ಉದುರಿತು. ಲಿವರ್ ಈಗ ತಾನೇ ಹಿಂದೆ ಬರುತ್ತಿದೆ, ಟಿಕ್ ಕೂಡ ಕೇಳುತ್ತದೆ. ಬೀಗದ ಚಿತ್ರ ಇಲ್ಲ. ಐಸ್ ಒತ್ತಿದರೆ ಗುರ್ರ್ ಎಂದು ಸದ್ದು ಬರುತ್ತದೆ, ಐಸ್ ಮಾತ್ರ ಬೀಳುವುದಿಲ್ಲ.

ರಾಜಾಜಿನಗರದಿಂದ:
ಸದ್ದು ಬಂದರೆ ಬಟನ್ ಸರಿ ಇದೆಯಮ್ಮ, ಮೋಟರ್ ಕೂಡ ಕೆಲಸ ಮಾಡುತ್ತಿದೆ. ಕರೆಂಟ್ ಹೋಗಿ ಬಂದಾಗ ಐಸ್ ಸ್ವಲ್ಪ ಕರಗಿ ಮತ್ತೆ ಒಂದೇ ಗಡ್ಡೆಯಾಗುತ್ತದೆ. ಪ್ಲಗ್ ಕಿತ್ತು, ಐಸ್ ಡಬ್ಬ ಹೊರಗೆ ತೆಗೆದು ಖಾಲಿ ಮಾಡಿ ತೊಳೆಯಿರಿ. ಒಂದು ಹನಿಯೂ ಇಲ್ಲದ ಹಾಗೆ ಒರೆಸಿ ಕೂರಿಸಿ. ಐಸ್ ಬೀಳುವ ದಾರಿಯಲ್ಲೂ ಗಡ್ಡೆ ಕೂತಿದೆಯೇ ಟಾರ್ಚ್ ಹಾಕಿ ನೋಡಿ. ಹೊಸ ಐಸ್ ತುಂಬಲು ಒಂದು ದಿನ ಬಿಟ್ಟು ಆಮೇಲೆ ಒತ್ತಿ.